ದೊಡ್ಡ ಲಾ ಫರ್ಮ್ ಬಿಟ್ಟು ದಾವಣಗೆರೆಯಲ್ಲಿ ಸ್ವಂತ ವಕೀಲಿಕೆ ಶುರುಮಾಡಬಹುದೇ?

ಬೆಂಗಳೂರಿನ ದೊಡ್ಡ ಫರ್ಮೊಂದರಲ್ಲಿ ಆರು ವರ್ಷ ದುಡಿದಿರುವ ನೀವು, ಹುಟ್ಟೂರು ದಾವಣಗೆರೆಗೆ ಮರಳಿ ಸ್ವಂತ ಕಚೇರಿ ತೆರೆದರೆ ಕೇಸುಗಳು ಸಿಗುತ್ತವೆಯೇ ಎಂದು ಕೇಳಿದ್ದೀರಿ. ನಾಲ್ಕು ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಬಂದವನು ನಾನು. ಕೇಸು ಸಿಗುತ್ತವೆ. ನನ್ನನ್ನು ಕಾಡಿದ್ದು ಕೇಸಿನ ಕೊರತೆಯಲ್ಲ, ಬಾಯಿಬಿಟ್ಟು ಫೀಸು ಕೇಳಲು ಬಾರದಿದ್ದದ್ದು.

ಫರ್ಮಿನಲ್ಲಿ ನಾವು ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಟೈಮ್‌ಶೀಟ್ ತುಂಬಿದರೆ ಸಾಕಿತ್ತು. ಬಿಲ್ಲು ಬೇರೆ ವಿಭಾಗದಿಂದ ಹೋಗುತ್ತಿತ್ತು. ಕಕ್ಷಿದಾರರ ಮುಖ ನೋಡಿ ಇಷ್ಟು ಕೊಡಿ ಎಂದು ಹೇಳುವ ಪ್ರಸಂಗ ಒಮ್ಮೆಯೂ ಬಂದಿರಲಿಲ್ಲ.

ಇಲ್ಲಿ ಕಚೇರಿ ತೆರೆದ ಮೂರನೆಯ ತಿಂಗಳಲ್ಲಿ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಬಂದು, ಪ್ಲಾಸ್ಟಿಕ್ ಕವರಿನಿಂದ ಪಹಣಿ, ಆಧಾರ್ ಪ್ರತಿ, ಮಡಿಕೆಗಳಲ್ಲಿ ಹರಿಯತೊಡಗಿದ್ದ ಬ್ಯಾಂಕಿನ ಮೆಮೊ, ಎಲ್ಲವನ್ನೂ ಮೇಜಿನ ಮೇಲೆ ಹರಡಿದರು. ವ್ಯಾಪಾರಿ ಕೊಟ್ಟಿದ್ದ ಚೆಕ್ಕು ಖಾತೆಯಲ್ಲಿ ಹಣವಿಲ್ಲದೆ ವಾಪಸಾಗಿ ನಲವತ್ತು ದಿನ ಕಳೆದಿತ್ತು. ಚೆಕ್ ಬೌನ್ಸ್ ಅಪರಾಧದ ಕುರಿತ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನ ಪ್ರಕಾರ, ಚೆಕ್ಕು ವಾಪಸಾದ ಮಾಹಿತಿ ಬಂದ 30 ದಿನಗಳೊಳಗೆ ನೋಟಿಸು ಕೊಡಬೇಕು. ಆ ಅವಧಿ ಮೀರಿತ್ತು. ಆದರೆ ಚೆಕ್ಕಿನ ಮೇಲಿದ್ದ ತಾರೀಖಿಗೆ ಇನ್ನೂ ಮೂರು ತಿಂಗಳು ತುಂಬಿರಲಿಲ್ಲ, ಅಂದರೆ ಚೆಕ್ಕು ಇನ್ನೂ ಚಾಲ್ತಿಯಲ್ಲಿತ್ತಾದ್ದರಿಂದ, ಅದನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಿಸಿ, ಪುನಃ ವಾಪಸಾದ ಮೇಲೆ ಆ ಮೆಮೊ ಆಧಾರದಲ್ಲಿ ನೋಟಿಸು ಕಳಿಸಿದೆ. ಎರಡನೆಯ ಸಲದ ವಾಪಸಾತಿಯ ಮೇಲೂ ದೂರು ನಡೆಯುತ್ತದೆ ಎಂದು ಎಂಎಸ್‌ಆರ್ ಲೆದರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ.

"ಎಷ್ಟು ಕೊಡ್ಲಿ ಸಾರ್?" ಎಂದು ಅವರೇ ಕೇಳಿದರು. "ಆಮೇಲೆ ನೋಡೋಣ ಬಿಡಿ" ಎಂದೆ. ಅವರು ಕೈಮುಗಿದು ಹೋದ ಮೇಲೆ, ಕೋರ್ಟಿನಲ್ಲಿ ನನಗಿಂತ ಹೆಚ್ಚು ವರ್ಷ ಸವೆಸಿದ ನಮ್ಮ ಗುಮಾಸ್ತರು ಹೇಳಿದರು: "ಆಮೇಲೆ ಅಂದ್ರೆ ಆತು ಬಿಡಿ ಸಾರ್. ಅವ್ರು ಕೊಡಲ್ಲ ಅಂತಲ್ಲ, ಎಷ್ಟು ಕೊಡ್ಬೇಕು ಅಂತ್ಲೇ ಗೊತ್ತಾಗಲ್ಲ." ಅಂದಿನಿಂದ ವಕಾಲತ್ತಿಗೆ (ವಕೀಲರನ್ನು ನೇಮಿಸುವ ಪತ್ರಕ್ಕೆ) ಸಹಿ ಹಾಕಿಸುವ ದಿನವೇ ಒಂದು ಚೀಟಿಯಲ್ಲಿ ಫೀಸು ಬೇರೆ, ಕೋರ್ಟ್ ಶುಲ್ಕ ಮತ್ತು ಟೈಪಿಂಗ್ ಖರ್ಚು ಬೇರೆ ಎಂದು ಬರೆದು, ಈಗ ಇಷ್ಟು, ಸಾಕ್ಷ್ಯದ ಹಂತದಲ್ಲಿ ಇಷ್ಟು, ವಾದದ ಹೊತ್ತಿಗೆ ಇಷ್ಟು ಎಂದು ಕಂತು ಮಾಡಿ ಕೊಡುತ್ತೇನೆ. ಜಗ್ಗಾಡುವವರು ಇದ್ದೇ ಇರುತ್ತಾರೆ, ಆದರೆ ಚೀಟಿ ನೋಡಿ ಎದ್ದುಹೋದವರು ಕಡಿಮೆ.

ಹೆದ್ದಾರಿ ಊರ ಪಕ್ಕದಲ್ಲೇ ಹಾದುಹೋಗುವುದರಿಂದ ಅಪಘಾತ ಪರಿಹಾರದ ಕೇಸುಗಳೂ ಬರುತ್ತವೆ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ತಗೊಳ್ಳಿ ಎನ್ನುವವರಿಗೆ ಒಪ್ಪಬೇಡಿ. ಫಲಿತಾಂಶಕ್ಕೆ ಫೀಸು ಕಟ್ಟುವುದನ್ನು ಬಾರ್ ಕೌನ್ಸಿಲ್ ನಿಯಮ ನಿಷೇಧಿಸಿದೆ. ಇದರಿಂದ ನನಗೆ ಎರಡು ಕೇಸು ಕೈತಪ್ಪಿದವು, ಬೇಸರವೂ ಆಯಿತು. ಜಾಹೀರಾತಿಗೂ ನಿಷೇಧವಿದೆ: ಶುಭಾರಂಭದ ಫ್ಲೆಕ್ಸ್ ಹಾಕಿಸಲೇಬೇಕೆಂದು ಪಟ್ಟು ಹಿಡಿದಿದ್ದ ಸೋದರಮಾವನನ್ನು ಅದು ಬೇಡವೆಂದು ಒಪ್ಪಿಸಲು ನನಗೆ ಒಂದು ಸಂಜೆ ಹಿಡಿಯಿತು.

ಫರ್ಮಿನ ಇಂಗ್ಲಿಷ್ ಡ್ರಾಫ್ಟಿಂಗ್ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ನಾನು ಕನ್ನಡದಲ್ಲಿ ಬರೆದ ಮೊದಲ ಪಾಲುವಿಭಾಗದ ದಾವೆ, ಚಕ್ಕುಬಂದಿಯಲ್ಲಿ (ಆಸ್ತಿಯ ನಾಲ್ಕು ದಿಕ್ಕಿನ ಗಡಿ ವಿವರದಲ್ಲಿ) ಪೂರ್ವ ಪಶ್ಚಿಮ ಅದಲುಬದಲಾಗಿದ್ದರಿಂದ ಆಕ್ಷೇಪಣೆಯೊಂದಿಗೆ ವಾಪಸು ಬಂತು. ಆದರೆ ಬೆಂಗಳೂರಿನ ಸ್ನೇಹಿತರನ್ನು ಬಿಡಬೇಡಿ. ನಮ್ಮ ಜಿಲ್ಲೆ ಹೈಕೋರ್ಟಿನ ಧಾರವಾಡ ಪೀಠಕ್ಕೆ ಸೇರುವುದಿಲ್ಲ, ಮೇಲ್ಮನವಿಗಳು ಬೆಂಗಳೂರಿಗೇ ಹೋಗುತ್ತವೆ. ಆದರೆ ಫರ್ಮಿನ ಕಕ್ಷಿದಾರರನ್ನು ಕರೆತರಲು ಹೋಗಬೇಡಿ. ತಾವಾಗಿ ಬಂದವರಿದ್ದರೆ ಹಿಂದಿನ ವಕೀಲರಿಂದ ಎನ್‌ಒಸಿ (ಆಕ್ಷೇಪಣೆಯಿಲ್ಲ ಎಂಬ ಪತ್ರ) ಪಡೆದ ನಂತರವೇ ವಕಾಲತ್ತು ಹಾಕಿ.

ಒಂದು ವರ್ಷದ ಮನೆಖರ್ಚು ಮತ್ತು ಕಚೇರಿ ಬಾಡಿಗೆ ಕೈಯಲ್ಲಿದ್ದರೆ ಹೊರಡಿ, ಆದರೆ ಸಿವಿಲ್ ಕೋರ್ಟುಗಳ ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಬನ್ನಿ. ನಾನು ರಜೆಗೆ ಮುಂಚೆಯೇ ಬಾಗಿಲು ತೆರೆದು, ಒಂದು ತಿಂಗಳ ಬಾಡಿಗೆಯನ್ನು ಫ್ಯಾನಿನ ಗಾಳಿಗೆ ಕಟ್ಟಿದಂತಾಯಿತು.