‘ಫ್ರಾಂಕೆನ್‌ಸ್ಟೈನ್’ ಲೇಖನವನ್ನು ಯಾಕೆ ವಾಪಸು ಕಳಿಸುತ್ತಿದ್ದೇನೆ

ನಮಸ್ಕಾರ.

ಮೇರಿ ಶೆಲ್ಲಿಯ ಕಾದಂಬರಿ ‘ಫ್ರಾಂಕೆನ್‌ಸ್ಟೈನ್’ ಮತ್ತು ಬೈಬಲ್ ಕುರಿತ ನಿಮ್ಮ ಲೇಖನ ಓದಿದೆ. ಈಗಿರುವ ರೂಪದಲ್ಲಿ ಹಾಕಲಾಗದು. ಒಳಗೊಂದು ಒಳ್ಳೆಯ ಲೇಖನ ಅಡಗಿದೆ ಅನ್ನಿಸಿದ್ದರಿಂದ, ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು ಬರೆದು ಕೈತೊಳೆದುಕೊಳ್ಳದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಪುಟ ಪೂರ್ತಿ ತೆಗೆದುಹಾಕಿ. 1816ರ ಬೇಸಿಗೆ, ಜಿನೀವಾ ಸರೋವರ, ಕಾದಂಬರಿ ಹುಟ್ಟಲು ಕಾರಣವಾದ, ಕವಿ ಬೈರನ್ ಮುಂದಿಟ್ಟ ದೆವ್ವದ ಕಥೆ ಬರೆಯುವ ಪಂಥ ಇವೆಲ್ಲ ಪ್ರತಿ ಮುನ್ನುಡಿಯಲ್ಲೂ ಇರುತ್ತವೆ. 1818ರ ಮೊದಲ ಮುದ್ರಣದ ಶೀರ್ಷಿಕೆ ಪುಟದಿಂದಲೇ ಶುರುಮಾಡಿ. ಅಲ್ಲಿ ಮೇರಿ ಶೆಲ್ಲಿಯ ಹೆಸರಿಲ್ಲ, ಇಂಗ್ಲಿಷ್ ಕವಿ ಮಿಲ್ಟನ್‌ನ ಮೂರು ಸಾಲುಗಳಿವೆ. ಮಣ್ಣಿನಿಂದ ನನ್ನನ್ನು ಮನುಷ್ಯನಾಗಿ ಮಾಡು ಅಂತ ನಾನೇನು ನಿನ್ನನ್ನು ಕೇಳಿಕೊಂಡಿದ್ದೆನೇ ಎಂದು ಆದಾಮ ದೇವರ ಮೇಲೆ ಸಿಡುಕುವ ಸಾಲುಗಳು.

ಈ ಸಿಡುಕು ಬೈಬಲಿನಲ್ಲಿಲ್ಲ, ಮಿಲ್ಟನ್‌ನ ಮಹಾಕಾವ್ಯ ‘ಪ್ಯಾರಡೈಸ್ ಲಾಸ್ಟ್’ನ ಹತ್ತನೆಯ ಕಾಂಡದಲ್ಲಿದೆ. ನೀವು ಎಡವಿದ್ದು ಇಲ್ಲೇ. ‘ಆದಿಕಾಂಡದ ಸೈತಾನ’ ಎಂದು ಪದೇ ಪದೇ ಬರೆದಿದ್ದೀರಿ. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ ಮೂರನೆಯ ಅಧ್ಯಾಯದಲ್ಲಿರುವುದು ಸರ್ಪ ಮಾತ್ರ. ದೇವರ ಮೇಲೆ ದಂಡೆತ್ತಿ, ಸೋತು, ನರಕದಲ್ಲಿ ನಿಂತು ಭಾಷಣ ಬಿಗಿಯುವ ಸೈತಾನ 1667ರ ಮಿಲ್ಟನ್‌ನವನು. ಕಾದಂಬರಿಯ ವಿಜ್ಞಾನಿ ವಿಕ್ಟರ್ ಫ್ರಾಂಕೆನ್‌ಸ್ಟೈನ್‌ನ ಸೃಷ್ಟಿ (ದಯವಿಟ್ಟು ಅವನನ್ನೇ ಫ್ರಾಂಕೆನ್‌ಸ್ಟೈನ್ ಅನ್ನಬೇಡಿ, ಅವನಿಗೆ ಹೆಸರೇ ಇಲ್ಲ) ಕಾಡಿನಲ್ಲಿ ಸಿಕ್ಕ ತೊಗಲಿನ ಪೆಟ್ಟಿಗೆಯಿಂದ ತೆಗೆದು ಓದುವುದೂ ಮಿಲ್ಟನ್‌ನನ್ನೇ. ಅದೂ ಕಾವ್ಯ ಅಂತಲ್ಲ, ನಡೆದ ಸಂಗತಿ ಅಂತ ನಂಬಿ.

ಇನ್ನು ನಿಮ್ಮ ಕೋಷ್ಟಕ. ವಿಕ್ಟರ್ ಅಂದರೆ ದೇವರು, ಅವನ ಸೃಷ್ಟಿ ಅಂದರೆ ಆದಾಮ, ವಿಜ್ಞಾನ ಅಂದರೆ ತಿನ್ನಬಾರದ ಹಣ್ಣು. ಜಾತಕ ಕೂಡಿಸಿದ ಹಾಗಿದೆ. ಕಾದಂಬರಿಗೆ ಜೀವ ಬರುವುದು ಕೂಡಿಬರದ ಕಡೆ. ಆ ಪಾತ್ರವೇ ತನ್ನನ್ನು ಒಮ್ಮೆ ಆದಾಮನಿಗೆ, ಒಮ್ಮೆ ಸೈತಾನನಿಗೆ ಹೋಲಿಸಿಕೊಂಡು, ಎರಡೂ ಒಗ್ಗದೆ ಒದ್ದಾಡುತ್ತದೆ. ಸೈತಾನನಿಗಾದರೂ ಸಂಗಡಿಗರಿದ್ದರು, ತನಗೆ ಯಾರೂ ಇಲ್ಲ. ಘಟನೆಗಳ ಕ್ರಮವನ್ನೂ ನೋಡಿ. ಬೈಬಲಿನಲ್ಲಿ ಮೊದಲು ತಪ್ಪು, ಆಮೇಲೆ ತೋಟದಿಂದ ಹೊರಗೆ. ಇಲ್ಲಿ ಹುಟ್ಟಿದ ರಾತ್ರಿಯೇ ಅನಾಥ. ಮುಂದೆ ಅವನು ಮರೆಯಲ್ಲಿ ನಿಂತು ನೋಡುತ್ತಿದ್ದ ಡಿ ಲೇಸಿ ಕುಟುಂಬದ ಮನೆಯಲ್ಲಿ ಹೊಡೆತ, ನೀರುಪಾಲಾಗುತ್ತಿದ್ದ ಹುಡುಗಿಯನ್ನು ಉಳಿಸಿದ್ದಕ್ಕೆ ಗುಂಡೇಟು, ವಿಕ್ಟರ್‌ನ ತಮ್ಮ ವಿಲಿಯಂನ ಕೊಲೆ ಇದೆಲ್ಲದರ ನಂತರ. ಹಾಗಾದರೆ ಪತನ ಯಾರದು? ‘ವಿಜ್ಞಾನಿಯ ಅಹಂಕಾರಕ್ಕೆ ತಕ್ಕ ಶಿಕ್ಷೆ’ ಎಂಬ ನಿಮ್ಮ ತೀರ್ಮಾನ ನನಗೆ ಒಪ್ಪಿಗೆಯಿಲ್ಲ. ವಿಕ್ಟರ್ ಸೃಷ್ಟಿಸಿದ್ದಕ್ಕಿಂತ ಬಿಟ್ಟು ಓಡಿದ್ದು ದೊಡ್ಡ ತಪ್ಪು. ತನ್ನನ್ನು ನರಕದಲ್ಲಿ ಸಂಕೋಲೆಗೆ ಸಿಕ್ಕ ದೇವದೂತನಿಗೆ ಹೋಲಿಸಿಕೊಳ್ಳುವ ಈ ಮಹಾಶಯ, ಸಾಯುವ ಹೊತ್ತಿಗೂ ತನ್ನ ನಡತೆಯಲ್ಲಿ ದೋಷ ಕಾಣುತ್ತಿಲ್ಲ ಅನ್ನುತ್ತಾನೆ!

ನೀವು ಅರ್ಧ ವಾಕ್ಯದಲ್ಲಿ ದಾಟಿಬಿಟ್ಟ ಬಟ್ಟೆಯ ಪ್ರಸಂಗಕ್ಕೆ ಒಂದಿಡೀ ಪುಟ ಕೊಡಿ. ಆದಿಕಾಂಡದ ದೇವರು ತಪ್ಪು ಮಾಡಿದವರಿಗೂ ಹೊರಗಟ್ಟುವ ಮುಂಚೆ ಚರ್ಮದ ಅಂಗಿ ಮಾಡಿ ತೊಡಿಸುತ್ತಾನೆ. ಇಲ್ಲಿ ಸೃಷ್ಟಿಕರ್ತ ಪರಾರಿ. ಏನೂ ತಪ್ಪು ಮಾಡದವನು ಚಳಿ ತಾಳದೆ ಕೈಗೆ ಸಿಕ್ಕ ಬಟ್ಟೆ ಹೊದ್ದು ಹೊರಡುತ್ತಾನೆ. ಅಕ್ಷರ ಕಲಿತ ಮೇಲೆ ಅದರ ಜೇಬಿನಲ್ಲಿದ್ದ ಕಾಗದಗಳನ್ನು ಓದುತ್ತಾನೆ. ಅದು ವಿಕ್ಟರ್‌ನ ನಾಲ್ಕು ತಿಂಗಳ ದಿನಚರಿ: ತನ್ನನ್ನು ಹೇಗೆ ತಯಾರಿಸಿದ್ದು, ಹಂತಹಂತವಾಗಿ, ಅಸಹ್ಯ ಹುಟ್ಟಿಸುವ ವಿವರಗಳ ಸಮೇತ. ಅವನ ಪಾಲಿನ ಆದಿಕಾಂಡ ಅದು. ಹಾಗೆಯೇ ಕೊಳದ ಪ್ರಸಂಗ: ಮಿಲ್ಟನ್‌ನ ಹವ್ವ ನೀರಿನಲ್ಲಿ ತನ್ನ ಬಿಂಬ ಕಂಡು ಮರುಳಾಗುತ್ತಾಳೆ, ಇವನು ಹೌಹಾರುತ್ತಾನೆ. ನಿಮ್ಮ ಲೇಖನದಲ್ಲಿ ಅದರ ಸುಳಿವೇ ಇಲ್ಲ.

ತಿದ್ದಿ ಕಳಿಸುವಾಗ 1,200 ಪದ ಮೀರದಿರಲಿ. ಯಾವ ಆವೃತ್ತಿ ಓದಿದ್ದೀರಿ ಅಂತಲೂ ತಿಳಿಸಿ. ವಿಕ್ಟರ್ ಮದುವೆಯಾಗುವ ಎಲಿಜಬೆತ್ ಒಂದು ಕಡೆ ವಿಕ್ಟರ್‌ನ ಸೋದರತ್ತೆಯ ಮಗಳು, ಇನ್ನೊಂದು ಕಡೆ ಇಟಲಿಯಲ್ಲಿ ಸಿಕ್ಕ ಅನಾಥ ಮಗು ಎಂದು ಬರೆದಿದ್ದೀರಿ. ಮೊದಲನೆಯದು 1818ರದು, ಎರಡನೆಯದು 1831ರ ಪರಿಷ್ಕರಣೆಯದು. ಒಂದನ್ನು ಹಿಡಿದುಕೊಳ್ಳಿ.

ಇಂತಿ,
ಸಂಪಾದಕ