ಚಿತ್ರ ಬಿಡಿಸಲು, ಕೋಡ್ ಬರೆಯಲು ಬಾರದವರು ಆನ್‌ಲೈನ್ ಫ್ಯಾಂಟಸಿ ಆಟಕ್ಕೆ ಮ್ಯಾಪ್ ಮಾಡಿಕೊಡಬಹುದೇ? ಎಲ್ಲಿಂದ ಶುರು ಮಾಡಬೇಕು?

ಖಂಡಿತ ಮಾಡಬಹುದು. ಚಿತ್ರ ಬಿಡಿಸುವ ಕೈ ಇದ್ದವರಿಗೇ ಇದು ತುಸು ಕಷ್ಟ ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಅವರ ಮ್ಯಾಪ್‌ನಲ್ಲಿ ಬೆಟ್ಟದ ಸಾಲು, ಬಳುಕುವ ನದಿ ಎಲ್ಲ ನೋಡಲು ಸೊಗಸಾಗಿರುತ್ತೆ. ಆಡಲು ಕೂತರೆ ಅರ್ಧ ಸೈನ್ಯ ಆ ನದಿಯಲ್ಲೇ ಸಿಕ್ಕಿಬಿದ್ದಿರುತ್ತೆ.

ನಾನು ಬಿಡುವಿದ್ದಾಗ ಮ್ಯಾಪ್ ಮಾಡುವುದು 'ಬ್ಯಾಟಲ್ ಫಾರ್ ವೆಸ್ನಾತ್' ಆಟಕ್ಕೆ, ಅದನ್ನೇ ಇಟ್ಟುಕೊಂಡು ಹೇಳ್ತೀನಿ. ಡೇವಿಡ್ ವೈಟ್ 2003ರಲ್ಲಿ ಶುರು ಮಾಡಿದ ಉಚಿತ ಆಟ ಇದು. ಕಾಡಿನ ಎಲ್ಫ್‌ಗಳು, ಬೆಟ್ಟದ ಕುಳ್ಳ ಡ್ವಾರ್ಫ್‌ಗಳು, ಒರಟು ಓರ್ಕ್‌ಗಳು, ರೆಕ್ಕೆಯ ಡ್ರೇಕ್‌ಗಳು, ಸತ್ತು ಎದ್ದುಬಂದ ಅಸ್ಥಿಪಂಜರಗಳು, ಎಲ್ಲರೂ ಆರು ಮೂಲೆಯ ಮನೆಗಳ ಮೇಲೆ ಸರದಿ ಪ್ರಕಾರ ಕಾದಾಡ್ತಾರೆ. ಕೋಡ್, ಚಿತ್ರ, ಸಂಗೀತ, ಕಥೆ, ಮ್ಯಾಪ್ ಬಹುಪಾಲು ಸ್ವಯಂಸೇವಕರ ಕೆಲಸ. ಮ್ಯಾಪ್ ಎಡಿಟರ್ ಬೇರೆ ಹುಡುಕಬೇಕಿಲ್ಲ, ಆಟದ ಮೆನುವಿನಲ್ಲೇ ಇದೆ. ಹುಲ್ಲು, ಕಾಡು, ಗುಡ್ಡ, ನೀರು ಆರಿಸಿ ಮನೆಗಳ ಮೇಲೆ ಬಳಿಯುತ್ತಾ ಹೋಗಬೇಕು, ಅಷ್ಟೆ. ಕಾಡಿನ ಅಂಚು, ನದಿಯ ದಡ ಚೆಂದ ಕಾಣುವಂತೆ ಮಾಡುವುದು ಆಟದ ಪಾಡಿಗೆ ಆಟ ನೋಡಿಕೊಳ್ಳುತ್ತೆ. ಒಳಗೆ ಆ ಫೈಲು ಬರೀ ಅಕ್ಷರ: 'ಜಿಜಿ' ಅಂದರೆ ಹುಲ್ಲು, 'ಡಬ್ಲ್ಯುಡಬ್ಲ್ಯು' ಅಂದರೆ ಆಳವಿಲ್ಲದ ನೀರು. ನೋಟ್‌ಪ್ಯಾಡ್‌ನಲ್ಲೂ ತೆರೆದು ನೋಡಬಹುದು.

ಹಾಗಾದರೆ ಕೆಲಸ ಎಲ್ಲಿದೆ? ನಮ್ಮ ಹುಲಿ-ಕುರಿ ಆಟ ಗೊತ್ತಲ್ಲ, ನೆಲದ ಮೇಲೆ ಗೆರೆ ಎಳೆದ ರೀತಿಯಲ್ಲೇ ಅರ್ಧ ಆಟ ತೀರ್ಮಾನವಾಗಿರುತ್ತೆ. ಇಲ್ಲೂ ಅದೇ. ಯಾರು ಎಲ್ಲಿ ನಿಂತು ಹೊಡೆದಾಡಬೇಕಾಗುತ್ತೆ ಅನ್ನುವುದನ್ನು ಮ್ಯಾಪ್ ಮಾಡುವವನು ಮೊದಲೇ ಬರೆದಿಟ್ಟಿರುತ್ತಾನೆ.

ವೆಸ್ನಾತ್‌ನಲ್ಲಿ ಏಟು ತಪ್ಪಿಸಿಕೊಳ್ಳುವ ಸಾಧ್ಯತೆ ನೀವು ನಿಂತ ನೆಲಕ್ಕೆ ಕಟ್ಟುಬಿದ್ದಿದೆ. ಸಾಮಾನ್ಯ ಮನುಷ್ಯ ಸೈನಿಕನಿಗೆ ಹುಲ್ಲಿನ ಮೇಲೆ 40%, ಆಳವಿಲ್ಲದ ನೀರಿನಲ್ಲಿ ಬರೀ 20%. ಅದೇ ನೀರಿನಲ್ಲಿ ಮತ್ಸ್ಯಮಾನವರಿಗೆ 60%. ಬೆಟ್ಟದ ಮೇಲೆ ಡ್ವಾರ್ಫ್‌ಗೆ 70%. ಹೀಗಾಗಿ ನೀವು ಒಂದು ಮನೆ ನೀರು ಬಳಿದರೆ ಅದು ಅಲಂಕಾರ ಅಲ್ಲ, ಅಲ್ಲಿ ನಿಂತವನಿಗೆ ಕೊಟ್ಟ ಶಿಕ್ಷೆ.

ಹಳ್ಳಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಹಳ್ಳಿ ಹಿಡಿದವರಿಗೆ ಪ್ರತಿ ಸರದಿ ಚಿನ್ನ ಬರುತ್ತೆ, ಒಳಗೆ ನಿಂತವನಿಗೆ ಸರದಿಗೆ 8 ಅಂಕ ಗಾಯ ಮಾಯುತ್ತೆ. ಹೊಸಬರು ಹಳ್ಳಿಯನ್ನು ಎಲ್ಲಿಡಬೇಕು ಅಂತ ಮಾತ್ರ ಯೋಚಿಸ್ತಾರೆ. ನಿಜವಾಗಿ ನೋಡಬೇಕಾದ್ದು ಅದರ ಸುತ್ತಲಿನ ಆರು ಮನೆಗಳನ್ನು. ಶತ್ರು ಬರುವ ಕಡೆಯ ಮೂರೂ ಮನೆ ನೀರಾದರೆ ಆ ಹಳ್ಳಿಯನ್ನು ಕಿತ್ತುಕೊಳ್ಳುವುದು ಹೆಚ್ಚುಕಡಿಮೆ ಆಗದ ಮಾತು. ಮೂರೂ ಬೆಟ್ಟವಾದರೆ ಉಳಿಸಿಕೊಳ್ಳುವುದು ಆಗದ ಮಾತು. ಒಂದು ಬೆಟ್ಟ, ಒಂದು ಹುಲ್ಲು, ಒಂದು ನೀರು ಇಟ್ಟು ನೋಡಿ, ಜಗಳ ಅಲ್ಲಿ ಹುಟ್ಟುತ್ತೆ.

ಇನ್ನೊಂದು, ಎರಡು ಕೋಟೆಗಳ ನಡುವಿನ ದೂರ. ಎರಡೂ ಕಡೆಯವರು ಸೈನಿಕರನ್ನು ಸೇರಿಸಿಕೊಂಡು ಹೊರಡುವುದು ಈ ಕೋಟೆಗಳಿಂದಲೇ. ಈ ಆಟದಲ್ಲಿ ಹಗಲು ರಾತ್ರಿ ಇದೆ, ಒಂದು ಸುತ್ತಿಗೆ ಆರು ಸರದಿ: ಮುಂಜಾವು, ಬೆಳಗ್ಗೆ, ಮಧ್ಯಾಹ್ನ, ಮುಸ್ಸಂಜೆ, ರಾತ್ರಿಯ ಎರಡು ಜಾವ. ಮನುಷ್ಯ ಸೈನಿಕರಲ್ಲಿ ಹೆಚ್ಚಿನವರ ಏಟು ಹಗಲಲ್ಲಿ 25% ಜಾಸ್ತಿ, ರಾತ್ರಿ ಅಷ್ಟೇ ಕಡಿಮೆ. ಓರ್ಕ್, ಅಸ್ಥಿಪಂಜರಗಳಿಗೆ ಉಲ್ಟಾ. ಈಗ ಆಟ ಮುಂಜಾವಿಗೆ ಶುರು ಅಂತಿಟ್ಟುಕೊಂಡು ಲೆಕ್ಕ ಹಾಕಿ. ಮೊದಲ ಸರದಿಯಲ್ಲಿ ಸೇರಿಸಿಕೊಂಡ ಸೈನಿಕ ನಡೆಯುವುದು ಎರಡನೆಯದರಿಂದ, ಬಯಲಿನಲ್ಲಿ ಸರದಿಗೆ ಐದು ಮನೆ ಅಂತಿಟ್ಟುಕೊಳ್ಳೋಣ. ಕೋಟೆಗಳು ಇಪ್ಪತ್ತು ಮನೆ ದೂರ ಇದ್ದರೆ ಎರಡೂ ಕಡೆಯವರು ಮೂರನೇ ಸರದಿ ಮುಗಿಯುವ ಹೊತ್ತಿಗೆ ನಡುವಿನಲ್ಲಿ ಎದುರುಬದುರು. ಮುಂದಿನದು ಮುಸ್ಸಂಜೆ, ಆಮೇಲೆ ಎರಡು ಸರದಿ ಕತ್ತಲು. ಓರ್ಕ್ ಕಡೆಯವನಿಗೆ ಹಬ್ಬ! ದೂರ ಹೆಚ್ಚಿಸಿದರೆ, ನಡುವೆ ಕಾಡು ಹಾಕಿ ನಡಿಗೆ ನಿಧಾನ ಮಾಡಿದರೆ ಆ ಭೇಟಿ ಬೇರೆ ಹೊತ್ತಿಗೆ ಬೀಳುತ್ತೆ. ಮ್ಯಾಪ್ ಮಾಡುವುದರಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದೇ. ಇದಕ್ಕೆ ಬೇಕಾದ್ದು ಕುಂಚ ಅಲ್ಲ, ಬೆರಳೆಣಿಕೆ.

ಎರಡೂ ಬದಿ ಸಮ ಇರಲಿ ಅಂತ ಒಂದರ್ಧ ಮಾಡಿ ಇನ್ನೊಂದರ್ಧವನ್ನು ತಿರುಗಿಸಿ ಇಡುವುದು ರೂಢಿ. ಆದರೆ ಇಲ್ಲಿ ಮನೆಗಳ ಒಂದು ಬಿಟ್ಟು ಒಂದು ಲಂಬ ಸಾಲು ಅರ್ಧ ಮನೆ ಕೆಳಗಿರುತ್ತೆ. ಅದಕ್ಕೇ ಕಣ್ಣಿಗೆ ಸರಿಯಾಗಿ ಕಂಡರೂ ಒಂದು ಕಡೆಯವನಿಗೆ ಹಳ್ಳಿ ಒಂದು ಹೆಜ್ಜೆ ಹತ್ತಿರ ಬಂದುಬಿಟ್ಟಿರಬಹುದು. ಪ್ರತಿ ಹಳ್ಳಿಗೂ ಎರಡೂ ಕೋಟೆಯಿಂದ ಹೆಜ್ಜೆ ಎಣಿಸಿ. ಬೇಜಾರಿನ ಕೆಲಸ, ಬೇರೆ ದಾರಿಯಿಲ್ಲ.

ಇನ್ನು ಪ್ರತಿಫಲದ ಮಾತು: ದುಡ್ಡು ಬರಲ್ಲ. ಮ್ಯಾಪನ್ನು ಆಡ್-ಆನ್ ಸರ್ವರ್‌ಗೆ, ಅಂದರೆ ಆಟಗಾರರು ಮಾಡಿದ್ದನ್ನೆಲ್ಲ ಹಂಚುವ ಆನ್‌ಲೈನ್ ಜಾಗಕ್ಕೆ, ಹಾಕಿದರೆ ಯಾರು ಬೇಕಾದರೂ ಇಳಿಸಿಕೊಂಡು ಆಡಬಹುದು, ಪರವಾನಗಿ ಮುಕ್ತವಾದ್ದರಿಂದ ತಿದ್ದಲೂಬಹುದು. 'ನನ್ನ ಬೆಟ್ಟ ಯಾರು ತೆಗೆದಿದ್ದು' ಅಂತ ಜಗಳಕ್ಕೆ ಹೋಗುವ ಸ್ವಭಾವ ಇದ್ದರೆ ಈ ಕಡೆ ಬರಬೇಡಿ. ಮತ್ತೆ, ಆನ್‌ಲೈನ್‌ನಲ್ಲಿ ಆಡಲು ಜೊತೆಗಾರರು ಸೇರುವ ಲಾಬಿಯಲ್ಲಿ ಜನ ಕೇಳುವುದು ಪಳಗಿದ ಮ್ಯಾಪ್‌ಗಳನ್ನೇ. ಹೊಸಬರ ಮ್ಯಾಪ್ ಆಡಿ ಅಂತ ಗೋಗರೆಯಬೇಕಾಗುತ್ತೆ. ಆಡಿದವರು ಹೊಗಳಿದರೆ ಅದರಿಂದ ಉಪಯೋಗ ಕಡಿಮೆ, ಅವರ ರೀಪ್ಲೇ ಫೈಲು, ಅಂದರೆ ಆಡಿದ ಆಟವನ್ನು ಮತ್ತೆ ನೋಡಬಹುದಾದ ದಾಖಲೆ, ಕೇಳಿ ಇಸ್ಕೊಳ್ಳಿ. ಯಾವ ಮೂಲೆಗೆ ಯಾರೂ ಕಾಲಿಡಲಿಲ್ಲ ಅನ್ನುವುದು ಅದರಲ್ಲಿ ಕಾಣುತ್ತೆ. ಆ ಮೂಲೆ ಕತ್ತರಿಸಿ ಹಾಕಿ, ಅದರಲ್ಲಿ ನಿಮಗೆ ಇಷ್ಟವಾದ ಜಲಪಾತ ಇದ್ದರೂ.

ಶುರು ಮಾಡಲು ಖಾಲಿ ಹಾಳೆ ಬೇಡ. ಆಟದ ಜೊತೆಗೇ ಬರುವ 'ದಿ ಫ್ರೀಲ್ಯಾಂಡ್ಸ್' ಅನ್ನುವ ಇಬ್ಬರ ಮ್ಯಾಪನ್ನು ಎಡಿಟರ್‌ನಲ್ಲಿ ತೆರೆದು ಬೇರೆ ಹೆಸರಲ್ಲಿ ಉಳಿಸಿಕೊಳ್ಳಿ. ಒಂದೇ ಒಂದು ಹಳ್ಳಿಯ ಸುತ್ತಲಿನ ನೆಲ ಬದಲಿಸಿ ಗೆಳೆಯರೊಬ್ಬರ ಜೊತೆ ಆಡಿ, ಆಮೇಲೆ ಕಡೆ ಬದಲಿಸಿಕೊಂಡು ಇನ್ನೊಂದಾಟ. ಎಲ್ಲಾದರೂ ಸಿಕ್ಕಿಕೊಂಡರೆ ಕಾಮೆಂಟಿನಲ್ಲಿ ಕೇಳಿ. ಬಳಿದ ಮ್ಯಾಪಿನ ಸ್ಕ್ರೀನ್‌ಶಾಟ್ ಬೇಡ, ರೀಪ್ಲೇ ಕಳಿಸಿ.