ಗೆದ್ದ ಮೇಲೆ ಬ್ರೆಡ್ಡಿಗೂ ರೇಷನ್!

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಗೆದ್ದಿತ್ತಲ್ವಾ, ಸೋತವ್ರ ಬದುಕು ಬದಲಾಗೋದು ಸರಿ, ಗೆದ್ದ ದೇಶದಲ್ಲಿ ಜನರ ಜೀವನ ಏನು ಬದಲಾಯ್ತು?

ಉತ್ತರ: ಅಡುಗೆಮನೆಯಿಂದಾನೇ ಶುರು ಮಾಡೋಣ. 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗೆ ರೇಷನ್ ಬಂತು, ಆಮೇಲೆ ಚಹಾಪುಡಿಗೂ ಬಂತು, ಒಬ್ಬರಿಗೆ ವಾರಕ್ಕೆ ಸುಮಾರು 57 ಗ್ರಾಂ ಅಷ್ಟೇ, ಚಹಾ ಇಲ್ದೆ ಕಣ್ಣೇ ಬಿಡದ ಇಂಗ್ಲಿಷರಿಗೆ ಇದು ಹೇಗಾಗಿರ್ಬೇಡ ನೀವೇ ಯೋಚನೆ ಮಾಡಿ! ತಮಾಷೆ ಏನಂದ್ರೆ ಯುದ್ಧ ನಡೀವಾಗ ಬ್ರೆಡ್ಡಿಗೆ ರೇಷನ್ ಇರ್ಲಿಲ್ಲ, ಗೆದ್ದ ಮೇಲೆ 1946ರಲ್ಲಿ ಬಂತು. ಮಾಂಸದ ರೇಷನ್ ಅಂತೂ 1954ರವರೆಗೆ ಎಳೀತು.

ಹೆಂಗಸರ ವಿಷಯ ಇನ್ನೂ ದೊಡ್ಡದು. ಮದುವೆ ಆದ ತಕ್ಷಣ ಎಷ್ಟೋ ಟೀಚರಮ್ಮಂದಿರು ಕೆಲಸ ಬಿಡಬೇಕಿತ್ತು. ಅಂಥ ದೇಶದಲ್ಲಿ 1941ರ ಡಿಸೆಂಬರಲ್ಲಿ 20ರಿಂದ 30 ವರ್ಷದ ಮದುವೆಯಾಗದ ಹೆಣ್ಮಕ್ಕಳನ್ನೇ ಕಾನೂನು ಮಾಡಿ ಯುದ್ಧದ ಕೆಲಸಕ್ಕೆ ಕರೆದ್ರು. ಟೀಚರುಗಳ ಮೇಲಿದ್ದ ಆ ನಿಷೇಧ 1944ರಲ್ಲಿ ಹೋಯ್ತು. ಯುದ್ಧ ಮುಗಿದಾಗ ಬಹಳ ಜನ ವಾಪಸ್ ಮನೆಗೇ ಹೋದ್ರು, ಅದನ್ನ ಮುಚ್ಚಿಡಬಾರದು.

ನನ್ನ ಪ್ರಕಾರ ಅಸಲಿ ಬದಲಾವಣೆ ಅಂದ್ರೆ ಜನರ ನಿರೀಕ್ಷೆ. ಬಾಂಬಿಗೆ ಬಡವ ಶ್ರೀಮಂತ ಗೊತ್ತಿಲ್ಲ, ಹಾಗಿದ್ಮೇಲೆ ಆಸ್ಪತ್ರೆಗ್ಯಾಕೆ ಆ ಭೇದ ಅನ್ನೋ ಯೋಚನೆ ಬಲವಾಯ್ತು. ಕಾಯಿಲೆ, ನಿರುದ್ಯೋಗ, ಮುಪ್ಪಲ್ಲಿ ಎಲ್ಲರಿಗೂ ಸರ್ಕಾರದ ಆಸರೆ ಇರ್ಬೇಕು ಅಂದ 1942ರ ಬೆವರಿಡ್ಜ್ ವರದಿ, ಸರ್ಕಾರಿ ವರದಿ ಸ್ವಾಮಿ, ಅದನ್ನ ಜನ ಕ್ಯೂ ನಿಂತು ಕೊಂಡ್ಕೊಂಡ್ರು. ಯುದ್ಧ ಗೆಲ್ಲಿಸಿದ ಚರ್ಚಿಲ್ಲರನ್ನೇ 1945ರಲ್ಲಿ ಸೋಲಿಸಿ ಲೇಬರ್ ಪಕ್ಷದ ಆಟ್ಲೀ ಅವರನ್ನ ಪ್ರಧಾನಿಯಾಗಿ ತಂದ್ರು, 1948ರ ಜುಲೈ 5ಕ್ಕೆ ಎಲ್ಲರಿಗೂ ಉಚಿತ ವೈದ್ಯಕೀಯ ಸೇವೆ ಶುರುವಾಯ್ತು.